ಮೊದಲು ಚಾಸಿ, ಆಮೇಲೆ ಉಳಿದದ್ದು

(ಶಿವಮೊಗ್ಗದಲ್ಲಿ ಹಳೇ ಗಾಡಿಗಳ ಹುಚ್ಚಿರುವ ಗೆಳೆಯರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ವಿಷಯ: ಹಳೇ ಬೈಕಿನ ಚಾಸಿ, ಅಂದರೆ ಪೈಪಿನ ಚೌಕಟ್ಟು, ಹುಡುಕಿ ಮಣ್ಣಿನ ದಾರಿಯಲ್ಲಿ ಓಡಿಸುವ ಡರ್ಟ್ ಟ್ರ್ಯಾಕ್ ಗಾಡಿ ಕಟ್ಟುವುದು. ಅಲ್ಲಿ ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಒಂದೇ ಸಲಕ್ಕೆ ಮುಗಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಒಳಗೆ ಬರುವಾಗ ಹೊರಗೆ ಪಿಕಪ್ ಒಂದರಲ್ಲಿ ಟಾರ್ಪಾಲ್ ಹೊದಿಸಿದ ಚಾಸಿ ನೋಡಿದೆ. ಯಾರದ್ದು ಅಂತ ಈಗ ಕೇಳುವುದಿಲ್ಲ. ಮಾತು ಮುಗಿದ ಮೇಲೆ ಎಲ್ಲರೂ ಹೋಗಿ ನೋಡೋಣ.

ನನಗೆ ಮೊದಲ ಚಾಸಿ ಸಿಕ್ಕಿದ್ದು ಹೊಸನಗರದ ಕಡೆ ಒಂದು ಮನೆಯ ಕೊಟ್ಟಿಗೆಯಲ್ಲಿ. ಯೆಜ್ಡಿ ರೋಡ್‌ಕಿಂಗ್ ಬೈಕಿನದ್ದು. ಇಂಜಿನ್ ಇಲ್ಲ, ಚಕ್ರ ಇಲ್ಲ. ಸೀಟಿನ ಜಾಗಕ್ಕೆ ಬುಟ್ಟಿ ಇಟ್ಟು ಅದರಲ್ಲಿ ಹೇಂಟೆಯನ್ನು ಕಾವಿಗೆ ಕೂರಿಸಿದ್ದರು. "ಅದು ಮರಿ ಮಾಡೋ ತನಕ ಗಾಡಿ ಮುಟ್ಟಂಗಿಲ್ಲ ನೋಡು" ಎಂದರು ಆ ಮನೆಯ ಅಜ್ಜಿ. ಕೋಳಿ ಮೊಟ್ಟೆ ಒಡೆಯಲು 21 ದಿನ ಬೇಕು. ಅಷ್ಟು ದಿನ ಸುಮ್ನೆ ಕೂರುವ ಬುದ್ಧಿ ನನಗಿರಲಿಲ್ಲ. ರಿಮ್ ತಂದೆ, ಅಗಲದ ಹ್ಯಾಂಡಲ್ ತಂದೆ, ಟ್ಯಾಂಕಿಗೆ ಬಣ್ಣ ಹೊಡೆಸಿದೆ. ಕೊನೆಗೆ ಚಾಸಿ ಮನೆಗೆ ಬಂತು. ಮೇಜಿನ ಮೇಲೆ ಇಟ್ಟು ಹಿಂದಿನಿಂದ ನೋಡಿದರೆ ಹ್ಯಾಂಡಲ್ ಕೂರುವ ಕೊಳವೆ ಒಂದು ಕಡೆಗೆ ವಾಲಿತ್ತು. ಯಾವುದೋ ಕಾಲದಲ್ಲಿ ಗುದ್ದಿದ ಗಾಡಿ ಅದು. ತಂದ ಸಾಮಾನೆಲ್ಲ 2 ವರ್ಷ ಅಟ್ಟದ ಮೇಲಿತ್ತು. ಇವತ್ತು ನಾನು ಹೇಳುವುದೆಲ್ಲ ಆ ಅಟ್ಟ ಕಲಿಸಿದ್ದು.

ಶುರು ಮಾಡುವ ಮೊದಲು ಒಂದು ಗೊಂದಲ ತೆಗೆದುಬಿಡೋಣ. ನಮ್ಮಲ್ಲಿ ಡರ್ಟ್ ಟ್ರ್ಯಾಕ್ ಅಂದರೆ ಮೈದಾನದಲ್ಲೋ ಕೊಯ್ದ ಗದ್ದೆಯಲ್ಲೋ ಮಾಡಿದ ಮಣ್ಣಿನ ದಾರಿ. ಎಡಕ್ಕೂ ತಿರುವು, ಬಲಕ್ಕೂ ತಿರುವು, ನಡುವೆ ಎರಡು ದಿಬ್ಬ. ಹಳೇ ಅಮೆರಿಕನ್ ಡರ್ಟ್ ಟ್ರ್ಯಾಕ್ ಬೇರೆ. ಅದು ಮೊಟ್ಟೆಯಾಕಾರದ ಸಪಾಟು ಓಟದ ದಾರಿ. ಮೊದಮೊದಲು ಕುದುರೆ ಓಡಿಸುವ ಟ್ರ್ಯಾಕಿನಲ್ಲೇ ಬೈಕ್ ಓಡಿಸುತ್ತಿದ್ದರು. ತಿರುವೆಲ್ಲ ಎಡಕ್ಕೇ. ಎಡಗಾಲಿಗೆ ಕಬ್ಬಿಣದ ಅಟ್ಟೆ ಕಟ್ಟಿಕೊಂಡು, ಅದನ್ನು ನೆಲಕ್ಕೆ ಊರಿ, ಹಿಂದಿನ ಚಕ್ರ ಜಾರಿಸುತ್ತಾ ತಿರುಗುವುದು. ಮುಂದೆ ಬ್ರೇಕೇ ಇಲ್ಲ. ಹಿಂದಿನ ಬ್ರೇಕಿಗೂ ಅಲ್ಲಿ ಅನುಮತಿ ಸಿಕ್ಕಿದ್ದು 1969ರಲ್ಲಿ. ಅಲ್ಲಿಯವರೆಗೆ ಅದೂ ಇರಲಿಲ್ಲ! ಇಂಗ್ಲೆಂಡಿನಲ್ಲಿ ಇದರ ಸೋದರ ಆಟಕ್ಕೆ ಸ್ಪೀಡ್‌ವೇ ಅಂತ ಹೆಸರು. 1928ರ ಫೆಬ್ರವರಿ 19ರಂದು ಹೈ ಬೀಚ್ ಎಂಬಲ್ಲಿ ನಡೆದ ಓಟದಿಂದ ಅದು ಅಲ್ಲಿ ಜನಪ್ರಿಯವಾಯಿತು.

ಇದರಲ್ಲಿ ನಮಗೆ ಬೇಕಾದ ಪಾಠ ಒಂದಿದೆ. 1934ರಲ್ಲಿ ಅಮೆರಿಕದವರು ಕ್ಲಾಸ್ ಸಿ ಅಂತ ಒಂದು ವರ್ಗ ಮಾಡಿದರು. ಕಾರ್ಖಾನೆಯ ವಿಶೇಷ ರೇಸ್ ಗಾಡಿ ಬೇಡ, ಅಂಗಡಿಯಲ್ಲಿ ಸಿಗುವ ಗಾಡಿಯನ್ನೇ ತಂದು ಓಡಿಸಿ ಅಂದರು. ದೀಪ ಬಿಚ್ಚಿ, ಮಡ್‌ಗಾರ್ಡ್ ಬಿಚ್ಚಿ ಜನ ಓಡಿಸಿದರು. ಚಾಂಪಿಯನ್, ಟ್ರ್ಯಾಕ್‌ಮಾಸ್ಟರ್, ರೆಡ್‌ಲೈನ್ ಅಂತ ಬರೀ ಚಾಸಿ ಮಾಡಿ ಕೊಡುವವರು ಹುಟ್ಟಿಕೊಂಡದ್ದು ಆಮೇಲೆ. ನಿಮ್ಮ ಇಂಜಿನ್ ತನ್ನಿ, ನಮ್ಮ ಚಾಸಿಗೆ ಕೂರಿಸಿ ಅನ್ನುವ ವ್ಯಾಪಾರ. ಅಂಥ ಚಾಸಿಯನ್ನು ಹೊರದೇಶದಿಂದ ತರಿಸುವ ಕನಸು ಇದ್ದರೆ ಇರಲಿ. ಸಾಗಣೆ, ಸುಂಕ ಎಲ್ಲ ಕೂಡಿಸಿ ನೋಡಿದ ದಿನ ಕನಸು ತಾನಾಗಿ ಇಳಿಯುತ್ತದೆ. ನಮ್ಮ ಚಾಸಿ ನಮ್ಮ ಕೊಟ್ಟಿಗೆಗಳಲ್ಲೇ ಇದೆ.

ಯಾವ ಗಾಡಿ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಕಾಲಿನಿಂದ ಯೋಚನೆ ಮಾಡಿ. ಎಡಗಾಲು ನೆಲದ ಮೇಲಿರುತ್ತದೆ ಅಂದರೆ ಬ್ರೇಕ್ ಬಲಗಾಲಿಗೇ ಬರಬೇಕು, ಅಲ್ವಾ? ಹಳೇ ಬುಲೆಟ್‌ನಲ್ಲಿ ಗೇರ್ ಬಲಕ್ಕೆ, ಬ್ರೇಕ್ ಎಡಕ್ಕೆ. ನಮ್ಮ ಕೆಲಸಕ್ಕೆ ಪೂರ್ತಿ ಉಲ್ಟಾ. ಬ್ರೇಕನ್ನು ಬಲಕ್ಕೆ ತರಲು ಅಡ್ಡ ಶಾಫ್ಟ್ ಹಾಕಬೇಕು, ಗೇರಿಗೂ ದಾರಿ ಮಾಡಬೇಕು. ಇನ್ನೊಂದು ವಿಷಯ. ಹಳೇ ಬುಲೆಟ್‌ನ ಚಾಸಿಗೆ ಇಂಜಿನ್ ಕೆಳಗೆ ಅದನ್ನು ಹೊರುವ ಪೈಪಿನ ತೊಟ್ಟಿಲು ಇಲ್ಲ. ಇಂಜಿನ್ನೇ ಚಾಸಿಯ ಒಂದು ಭಾಗ. ಹಾಗಾಗಿ ಬರೀ ಬುಲೆಟ್ ಚಾಸಿ ತಂದು ಬೇರೆ ಇಂಜಿನ್ ಕೂರಿಸುತ್ತೇನೆ ಅನ್ನುವುದು ಸುಲಭದ ಮಾತಲ್ಲ. ಯೆಜ್ಡಿಯಲ್ಲಿ ಬ್ರೇಕ್ ಬಲಕ್ಕೇ ಇದೆ. ಕಿಕ್ಕರೂ ಗೇರೂ ಒಂದೇ ಲಿವರ್, ಅದು ಎಡಕ್ಕೆ. ತೊಂದರೆ ಸೈಲೆನ್ಸರಿನದ್ದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಎಡಕ್ಕೆ ವಾಲಿದಾಗ ಎಡಗಡೆಯದ್ದು ನೆಲ ಕೆರೆಯುತ್ತದೆ. ಅದನ್ನು ಎತ್ತಿ ಕಟ್ಟಲೇಬೇಕು.

ನನಗೆ ಯೆಜ್ಡಿ ಮೇಲೆ ಸ್ವಲ್ಪ ಪಕ್ಷಪಾತ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಿಂದ ಅಲ್ಲಿ ಜಾವಾ ಗಾಡಿಗಳು ಬಂದವು, 1973ರಿಂದ ಯೆಜ್ಡಿ ಹೆಸರಿನಲ್ಲಿ ಬಂದವು, 1996ರಲ್ಲಿ ಬಾಗಿಲು ಮುಚ್ಚಿತು. ನಮ್ಮ ಘಟ್ಟದ ದಾರಿಗಳಲ್ಲಿ ಹಾಲಿನ ಕ್ಯಾನು, ಅಡಿಕೆ ಮೂಟೆ, ಒಂದು ಇಡೀ ಸಂಸಾರ, ಎಲ್ಲವನ್ನೂ ಹೊತ್ತದ್ದು ಇವೇ. ಇನ್ನೊಂದು ತಮಾಷೆ ಕೇಳಿ. ಚೆಕ್ ದೇಶದಲ್ಲಿ ಸ್ಪೀಡ್‌ವೇ ಗಾಡಿ ಮಾಡುತ್ತಿದ್ದ ಎಸೊ ಎಂಬ ಕಂಪನಿ 1964ರಲ್ಲಿ ಜಾವಾದೊಳಗೆ ಸೇರಿತು. ಮುಂದೆ ಜಗತ್ತಿನ ಸ್ಪೀಡ್‌ವೇ ಟ್ರ್ಯಾಕುಗಳಲ್ಲಿ ಜಾವಾ ಅಂದರೆ ಬ್ರೇಕಿಲ್ಲದ, ಮೆಥನಾಲ್ ಕುಡಿಯುವ 500 ಸಿಸಿ ಗಾಡಿ. ಇಲ್ಲಿ ಅದೇ ಹೆಸರಿನ ಗಾಡಿ ಡೇರಿಗೆ ಹಾಲು ಹಾಕಿ ಬರುತ್ತಿತ್ತು.

ಯಮಹಾ ಆರ್‌ಎಕ್ಸ್ 100 ಬಗ್ಗೆ ಕೇಳಬೇಡಿ. ಗಾಡಿ ಬಗ್ಗೆ ದೂರಿಲ್ಲ. 98 ಸಿಸಿಯಲ್ಲಿ 11 ಕುದುರೆ ಬಲ, ಹಗುರ ಮೈ, ಮಣ್ಣಿಗೆ ಹೇಳಿ ಮಾಡಿಸಿದ್ದು. ಆದರೆ ಈಗ ಅದರ ತುಕ್ಕಿಗೂ ಬೆಲೆ ಕಟ್ಟುತ್ತಾರೆ. ಕಡಿಮೆ ದುಡ್ಡಲ್ಲಿ ಕೈ ಪಳಗಿಸಬೇಕು ಅನ್ನುವವರು ಹಳೇ ಸುಜುಕಿಯೋ ರಾಜ್‌ದೂತ್ 175ವೋ ನೋಡಿ, ಇಲ್ಲವೇ 1985ರಿಂದ ಬಂದ ಹೀರೋ ಹೋಂಡಾ ಸಿಡಿ 100 ತಗೊಳ್ಳಿ. ಯಾರೂ ನೋಡದ ಗಾಡಿಗೆ ಬೆಲೆ ಹೇಳುವಾಗ ಜನ ಎರಡು ಸಲ ಯೋಚಿಸುವುದಿಲ್ಲ.

ಇಲ್ಲಿ ನನ್ನದೊಂದು ಹಟ ಇದೆ. ಪೂರ್ತಿ ಇರುವ ಗಾಡಿಯನ್ನು ಕೊಯ್ಯಬೇಡಿ. ಟ್ಯಾಂಕು, ಸೈಡ್ ಬಾಕ್ಸು, ಚೈನ್ ಕವರು ಎಲ್ಲ ಇದ್ದು, ಆರ್‌ಸಿಯೂ ಇದ್ದರೆ ಅದನ್ನು ಹಾಗೇ ಉಳಿಸುವವರಿಗೆ ಬಿಡಿ. ನಮಗೆ ಬೇಕಾದ್ದು ಅವರು ಬಿಟ್ಟು ಹೋದದ್ದು. ಸೀಟಿಲ್ಲದ್ದು, ದೀಪ ಇಲ್ಲದ್ದು, ಹಿಂದಿನ ಮಡ್‌ಗಾರ್ಡ್ ತೂತಾದದ್ದು. ಡರ್ಟ್ ಟ್ರ್ಯಾಕ್ ಗಾಡಿಗೆ ಅವು ಯಾವುವೂ ಬೇಡ. ಅವರ ಗುಜರಿ ನಮ್ಮ ಬಂಡವಾಳ. ಹಾಗಂತ ಮನೆ ಯಜಮಾನರ ಮುಂದೆ ಗುಜರಿ ಅನ್ನುವ ಪದ ಬಾಯಿಂದ ಬರಬಾರದು. ಸಾಗರದ ಕಡೆ ಒಂದು ಮನೆಯಲ್ಲಿ ನನ್ನ ಜೊತೆ ಬಂದವನು ಹಾಗಂದ. ಕಾಫಿ ಕುಡಿಯುತ್ತಿದ್ದ ಯಜಮಾನರು ಲೋಟ ಕೆಳಗಿಟ್ಟರು. "ನಮ್ಮಪ್ಪ ನನ್ನ ಮದುವೆಗೆ ಕೊಡ್ಸಿದ್ದು ಮಾರಾಯ ಅದು" ಎಂದರು. ಅಲ್ಲಿಗೆ ವ್ಯಾಪಾರ ಮುಗಿಯಿತು. ಅಡಿಕೆಗೆ ಒಳ್ಳೆ ರೇಟು ಇರುವಾಗಲೂ ಹೋಗಬೇಡಿ, ಯಾರಿಗೂ ಮಾರುವ ಅವಸರ ಇರುವುದಿಲ್ಲ. ಹಬ್ಬಕ್ಕೆ ಮೊದಲು ಕೊಟ್ಟಿಗೆ, ಅಟ್ಟ ಗುಡಿಸುವ ಹೊತ್ತಿಗೆ ಹೋಗಿ.

ಈಗ ಚಾಸಿ ನೋಡುವುದು ಹೇಗೆ? ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ದುಡ್ಡು ಹೋಗುವುದು ಇಲ್ಲೇ.

ಮೊದಲು ಕಣ್ಣು. ಹ್ಯಾಂಡಲ್ ಕೊಳವೆಯ ಕೆಳಗೆ, ಮುಂದಿನ ಪೈಪ್ ಸೇರುವ ಕಡೆ ಬೆರಳಾಡಿಸಿ. ಎದುರಿಂದ ಗುದ್ದಿದ ಗಾಡಿಯಾದರೆ ಅಲ್ಲಿ ಬಣ್ಣ ಸುಕ್ಕಾಗಿರುತ್ತದೆ, ಪೈಪಿನಲ್ಲಿ ಸಣ್ಣ ಉಬ್ಬು ಸಿಗುತ್ತದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಹಿಂದೆ ಬನ್ನಿ. ನಮ್ಮ ಕಡೆಯ ಗಾಡಿಗಳಿಗೆ ಹಿಂದೆ ಕ್ಯಾರಿಯರ್ ಹಾಕಿ ಭಾರ ಹೇರಿರುತ್ತಾರೆ. ಸೀಟಿನ ಕೆಳಗಿನ ಪೈಪುಗಳು ಕೆಳಕ್ಕೆ ಬಾಗಿರುತ್ತವೆ. ಇದಕ್ಕೆ ಹೆದರಬೇಡಿ, ಆ ಭಾಗವನ್ನು ಹೇಗೂ ಕತ್ತರಿಸಿ ಹೊಸದು ಮಾಡುತ್ತೇವೆ.

ಎರಡನೆಯದು ದಾರ. ನನ್ನ ಚೀಲದಲ್ಲಿ ಯಾವಾಗಲೂ ಗಾರೆಯವರ ತೂಗುಗುಂಡು, ಒಂದು ಸಣ್ಣ ರಸಮಟ್ಟ, ಎರಡು ಉದ್ದದ ಸರಳು ಇರುತ್ತವೆ. ಒಂದು ಸರಳನ್ನು ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಚಕ್ರ ಹಿಡಿಯುವ ಕವಲು, ಕೂರುವ ತೂತಿನಲ್ಲಿ ಅಡ್ಡ ತೂರಿಸಿ. ಇನ್ನೊಂದು 2 ಅಡಿಯದ್ದನ್ನು ಹ್ಯಾಂಡಲ್ ಕೊಳವೆಯೊಳಗೆ ಇಳಿಸಿ. ಅದು ಅಲ್ಲಾಡದೆ ಸರಿ ನಡುವೆ ನಿಲ್ಲಬೇಕು. ಅದಕ್ಕೆ ನಾನು ಸಾಗುವಾನಿಯಲ್ಲಿ ಎರಡು ಬುಶ್ ಕಡೆಸಿಟ್ಟುಕೊಂಡಿದ್ದೇನೆ, ಮೇಲೊಂದು ಕೆಳಗೊಂದು. ಈಗ ಚಾಸಿಗೆ ಚೂರು ಚೂರೇ ಒತ್ತು ಕೊಡುತ್ತಾ ಅಡ್ಡ ಸರಳಿನ ಮೇಲೆ ರಸಮಟ್ಟದ ಗುಳ್ಳೆ ನಡುವಿಗೆ ಬರುವ ಹಾಗೆ ಮಾಡಿ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದು ಕೂತು, ತೂಗುಗುಂಡನ್ನು ಕಣ್ಣ ಮುಂದೆ ಇಳಿಬಿಡಿ. ಮುಂದಿನ ಸರಳು ದಾರದ ಹಿಂದೆ ಅಡಗಬೇಕು. ಮೇಲ್ತುದಿಯಲ್ಲಿ ಒಂದು ಕಡೆ ಇಣುಕಿದರೆ ಚಾಸಿ ತಿರುಚಿದೆ ಅಂತ. 1, 2 ಮಿಲಿಮೀಟರ್ ಆದರೆ ಪರವಾಗಿಲ್ಲ. 5ರ ಮೇಲೆ ಹೋದರೆ ನಾನು ಕಾಫಿ ಕುಡಿದು, ನಮಸ್ಕಾರ ಹೇಳಿ ಬರುತ್ತೇನೆ. ಬಿಸಿ ಮಾಡಿ ಜಗ್ಗಿಸಿ ಸರಿ ಮಾಡಿಕೊಡುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಗಾಡಿಯನ್ನು ಅಡ್ಡ ಜಾರಿಸುತ್ತಾ ಓಡಿಸುವ ಆಟದಲ್ಲಿ, ಒಮ್ಮೆ ಬಾಗಿ ಬಿಸಿ ತಿಂದ ಪೈಪಿನ ಮೇಲೆ ನನಗೆ ನಂಬಿಕೆ ಇಲ್ಲ.

ಮೂರನೆಯದು ತುಕ್ಕು. ಮಲೆನಾಡಿನ ತುಕ್ಕು ಒಳಗಿನಿಂದ ಬರುತ್ತದೆ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ. ಪೈಪಿನ ಒಳಗೆ ಹೋದ ತೇವ ಹೊರಗೆ ಬರಲು ಬಿಸಿಲು ಬೇಕಲ್ಲ? ಹೊರಗೆ ಬಣ್ಣ ಚೆನ್ನಾಗಿರುತ್ತದೆ, ಒಳಗೆ ಪೈಪ್ ಹಪ್ಪಳವಾಗಿರುತ್ತದೆ. ಸ್ಪ್ಯಾನರ್ ತಗೊಂಡು ಪೈಪಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಪೈಪ್ ಟಣ್ ಅನ್ನುತ್ತದೆ. ಎಲ್ಲಿ ಸದ್ದು ಮಂಕಾಗುತ್ತದೋ ಅಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ನೀರು ನಿಲ್ಲುವ ಅತಿ ಕೆಳಗಿನ ಪೈಪನ್ನು ಬಿಡಲೇಬೇಡಿ.

ಕೊಟ್ಟಿಗೆಯಲ್ಲಿ ಇನ್ನೂ ಇಬ್ಬರು ಶತ್ರುಗಳಿದ್ದಾರೆ. ಒಂದು ಗಂಜಲ. ಅದರಿಂದ ಏಳುವ ಅಮೋನಿಯಾಕ್ಕೆ ಹಿತ್ತಾಳೆ ಸೀಳು ಬಿಡುತ್ತದೆ. ಚಕ್ರದ ಕಡ್ಡಿಗಳ ತುದಿಯ ಹಿತ್ತಾಳೆ ನಿಪ್ಪಲ್ ಮುಟ್ಟಿದರೆ ಮುರಿಯುವುದು ಇದಕ್ಕೇ. ಎರಡನೆಯದು ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಡ್ರಮ್ಮುಗಳನ್ನು ಹಳೇ ಗಾಡಿ ಪಕ್ಕದಲ್ಲೇ ಇಟ್ಟಿರುತ್ತಾರೆ. ಮೈಲುತುತ್ತದ ನೀರು ಕಬ್ಬಿಣಕ್ಕೆ ಬಿದ್ದರೆ ಕಬ್ಬಿಣ ಕರಗಿ ಅದರ ಮೇಲೆ ತಾಮ್ರ ಕೂರುತ್ತದೆ. ತೀರ್ಥಹಳ್ಳಿ ಕಡೆ ಒಂದು ಚಾಸಿಯ ಕೆಳಗಿನ ಪೈಪನ್ನು ಉಗುರಲ್ಲಿ ಕೆರೆದಾಗ ಹೊಸ ಚೊಂಬಿನ ಹಾಗೆ ಕೆಂಪಗೆ ಹೊಳೆಯಿತು. ಚೆಂದ ಕಂಡಿತು, ಆದರೆ ಚಾಸಿ ಅಲ್ಲೇ ಬಿಟ್ಟು ಬಂದೆ. ಒಳ್ಳೆ ಚಾಸಿ ಸಿಕ್ಕಿದ ಮೇಲೆ ಒಳಗೆ ತೊಳೆದು, ಪೂರ್ತಿ ಒಣಗಿಸಿ, ಅಗಸೆ ಎಣ್ಣೆ ಹೊಯ್ದು ಎಲ್ಲ ಕಡೆಗೂ ತಿರುಗಿಸಿ ಬಸಿಯಿರಿ. ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಈ ಕೆಲಸ, ಮೊದಲೇ ಮಾಡಿದರೆ ಎಣ್ಣೆಗೆ ಬೆಂಕಿ ಹತ್ತುತ್ತದೆ.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಟ್ರ್ಯಾಕಿಗೆ ಮಾತ್ರ ಅಲ್ವಾ, ಕಾಗದ ಯಾಕೆ ಅನ್ನುತ್ತೀರಿ. ಚಾಸಿ ನಂಬರ್ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ, ಆರ್‌ಸಿ ಜೊತೆ ಹೋಲಿಸಿ. ನಂಬರ್ ಉಜ್ಜಿದ ಗುರುತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಕೊಂಡರೆ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಹೆಸರು ಬದಲಿಸಿ. ಬದಲಾಯಿಸಿದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಬಿಡುವುದಿಲ್ಲ. ಟ್ರ್ಯಾಕಿಗೆ ಪಿಕಪ್‌ನಲ್ಲೇ ಒಯ್ಯಿರಿ.

ಇನ್ನು ಬಿಡಿ ಸಾಮಾನು. ಅಟ್ಟದ ಮೇಲಿದ್ದ ನನ್ನ ರಿಮ್ ಕಥೆ ಹೇಳಬೇಕು. ಹಳೇ ಡರ್ಟ್ ಟ್ರ್ಯಾಕ್ ಗಾಡಿಗೆ ಹಿಂದೆ ಮುಂದೆ ಎರಡೂ 19 ಇಂಚಿನ ಚಕ್ರ. ನಮ್ಮಲ್ಲಿ 19 ಇಂಚು ಅಂದರೆ ಹಳೇ ಸ್ಟ್ಯಾಂಡರ್ಡ್ ಬುಲೆಟ್. ಅದಕ್ಕೆ ಎರಡೂ ಕಡೆ 3.25–19 ಟೈರ್. ಖುಷಿಯಿಂದ ಎರಡು ಬುಲೆಟ್ ರಿಮ್ ತಂದು ಕಡ್ಡಿ ಕಟ್ಟುವವರ ಹತ್ತಿರ ಒಯ್ದೆ. ಹಬ್, ಅಂದರೆ ಕಡ್ಡಿಗಳು ಸೇರುವ ಚಕ್ರದ ನಡುಭಾಗ, ಜಪಾನಿ ಗಾಡಿಯದ್ದು. ಅವರು ಬೀಡಿ ಬಾಯಲ್ಲಿಟ್ಟುಕೊಂಡು ರಿಮ್ಮಿನ ತೂತು ಎಣಿಸಿದರು, 40. ಹಬ್ಬಿನ ತೂತು ಎಣಿಸಿದರು, 36. ಬೀಡಿ ತೆಗೆದು "ಸ್ವಾಮಿ, ಉಳಿದ ನಾಲ್ಕು ಕಡ್ಡಿ ನಿಮ್ಮ ಮನೆ ಪೊರಕೆಗಾ?" ಅಂತ ಕೇಳಿದರು. ಅವತ್ತಿನಿಂದ ಚಕ್ರದ ಸಾಮಾನು ಕೊಳ್ಳುವಾಗ ಮೊದಲು ತೂತು ಎಣಿಸುತ್ತೇನೆ, ಆಮೇಲೆ ಬೆಲೆ ಕೇಳುತ್ತೇನೆ. ಹಾಗೆಯೇ ಬುಲೆಟ್‌ನ ಬೋಲ್ಟು ನಟ್ಟು ಯೆಜ್ಡಿಗೆ ಹಾಕಲು ಹೋಗಬೇಡಿ. ಹಳೇ ಬುಲೆಟ್‌ನದ್ದು ಇಂಗ್ಲಿಷ್ ಮರೆ (ತಿರುಪಿನ ಸುತ್ತುಗೆರೆ), ಯೆಜ್ಡಿ ಮತ್ತು ಯಮಹಾದ್ದು ಮಿಲಿಮೀಟರ್ ಮರೆ. ಎರಡು ಸುತ್ತು ಹೋಗುತ್ತದೆ, ಮೂರನೇ ಸುತ್ತಿಗೆ ಮರೆ ಕಿತ್ತು ಬರುತ್ತದೆ.

ಸಾಮಾನಿಗೆ ಎಲ್ಲಿ ಹೋಗಬೇಕು? ಯೆಜ್ಡಿಗೆ ಮೈಸೂರು. ಕಾರ್ಖಾನೆ ಮುಚ್ಚಿದರೂ ಆ ಊರಲ್ಲಿ ಗಾಡಿಯ ಒಳಹೊರಗು ಬಲ್ಲ ಕೈಗಳು ಇನ್ನೂ ಇವೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಅವತ್ತು ಜಾವಾ, ಯೆಜ್ಡಿಯವರು ಸೇರುವ ಕಡೆ ಹೋಗಿ ಬರೀ ಕಿವಿ ತೆರೆದು ನಿಲ್ಲಿ. ಯಾರ ಮನೆಯಲ್ಲಿ ಏನಿದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಹೊಸ ಸಾಮಾನಿಗೆ ಜೆ.ಸಿ. ರಸ್ತೆ, ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿ. ಕೈಯಲ್ಲಿ ಅಳತೆ ನೋಡುವ ಕ್ಯಾಲಿಪರ್ ಇಲ್ಲದೆ ಎರಡಕ್ಕೂ ಹೋಗಬೇಡಿ.

ಆದರೆ ಅರ್ಧ ಸಾಮಾನಿಗೆ ಊರು ಬಿಡುವುದೇ ಬೇಡ. ಬೇರಿಂಗ್ ಅಂಗಡಿಗೆ ಹೋಗಿ "ಹಳೇ ಯೆಜ್ಡಿ ಬೇರಿಂಗ್ ಕೊಡಿ" ಅಂದರೆ ಇಲ್ಲ ಅನ್ನುತ್ತಾರೆ, ಇಲ್ಲವೇ ಬೆಲೆ ಏರಿಸುತ್ತಾರೆ. ಬೇರಿಂಗಿನ ಮೈಮೇಲೆ ನಂಬರ್ ಇರುತ್ತದೆ. ಉದಾಹರಣೆಗೆ 6204 ಅಂದರೆ ಒಳಗೆ 20, ಹೊರಗೆ 47, ದಪ್ಪ 14 ಮಿಲಿಮೀಟರ್. ಅದು ಬೈಕಿನದ್ದೇ ಆಗಲಿ, ಮೋಟಾರಿನದ್ದೇ ಆಗಲಿ, ಅಳತೆ ಒಂದೇ. ಗಾಡಿ ಹೆಸರು ಹೇಳಬೇಡಿ, ನಂಬರ್ ಹೇಳಿ. ಆಯಿಲ್ ಸೀಲಿಗೂ ಹೀಗೇ, ಮೂರು ಅಳತೆ ಹೇಳಿದರೆ ಸಾಕು. ಟೂ ಸ್ಟ್ರೋಕ್ ಇಂಜಿನ್ ಬಹಳ ವರ್ಷ ನಿಂತಿದ್ದರೆ ಕ್ರ್ಯಾಂಕ್ ಸೀಲುಗಳನ್ನು ನೋಡುವುದೂ ಬೇಡ, ಬದಲಿಸಿಬಿಡಿ. ಒಣಗಿ ಗಟ್ಟಿಯಾದ ಸೀಲಿನ ಪಕ್ಕದಿಂದ ಗಾಳಿ ಎಳೆದರೆ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಜೊತೆಗೆ ಅದರಲ್ಲಿ ಬರುವ ಆಯಿಲೂ ಕಡಿಮೆ. ಇಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ನೀವು ಕಾರ್ಬರೇಟರನ್ನು ಬೈಯುತ್ತಾ ಕೂರುತ್ತೀರಿ.

ಲೇತ್ ಕೆಲಸಕ್ಕೆ ನಮ್ಮ ಊರಿಗೆ ಯಾರ ಹಂಗೂ ಬೇಡ. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸಿದ ಸೀಮೆ ಇದು. ಟಿಲ್ಲರ್ ಶಾಫ್ಟು, ಅಡಿಕೆ ಸುಲಿಯುವ ಯಂತ್ರದ ರೋಲರು ಮಾಡುವವರಿಗೆ ಸ್ವಿಂಗ್ ಆರ್ಮ್ ಬುಶ್ ಒಂದು ಗಂಟೆ ಕೆಲಸ. ಮಾದರಿ ತುಂಡು ಒಯ್ಯಿರಿ, ಚಿತ್ರ ಬರೆದುಕೊಂಡು ಹೋಗಬೇಡಿ. ಪೈಪ್ ಬದಲಿಸುವಾಗ ಮಾತ್ರ ನೀರಿನ ಜಿಐ ಪೈಪ್ ಹಾಕಲು ಬಿಡಬೇಡಿ. ಅದರ ಸತುವಿನ ಹೊಗೆ ಕುಡಿದರೆ ವೆಲ್ಡರಿಗೆ ರಾತ್ರಿ ಚಳಿಜ್ವರ ಬರುತ್ತದೆ, ಬೆಸುಗೆಯೂ ನಿಲ್ಲುವುದಿಲ್ಲ. ಉದ್ದಕ್ಕೆ ಬೆಸುಗೆಯ ಗೆರೆ ಇಲ್ಲದ ಸೀಮ್‌ಲೆಸ್ ಪೈಪೇ ಹಾಕಿಸಿ.

ಕೊನೆಗೆ ಒಬ್ಬರು ಕೇಳಿದರು, ಮುಂದಿನ ಬ್ರೇಕ್ ತೆಗೆಯಲೇಬೇಕಾ ಅಂತ. ಎಡಕ್ಕಷ್ಟೇ ತಿರುಗುವ ಸಪಾಟು ಟ್ರ್ಯಾಕ್ ನಿಮ್ಮ ಹತ್ತಿರ ಇದ್ದರೆ ತೆಗೆಯಿರಿ. ನಮ್ಮ ಗದ್ದೆ ರೇಸಿಗಾದರೆ ಇಟ್ಟುಕೊಳ್ಳಿ. ಹಳೇ ಕಾಲದ ನಿಯಮಕ್ಕಾಗಿ ಕೈ ಮುರಿದುಕೊಳ್ಳುವುದು ಯಾವ ಶೋಕಿ?

ಆಮೇಲೆ ಎಲ್ಲರೂ ಹೊರಗೆ ಹೋದೆವು. ಪಿಕಪ್‌ನಲ್ಲಿದ್ದ ಚಾಸಿ ಶಿಕಾರಿಪುರ ಕಡೆಯ ಹುಡುಗನೊಬ್ಬನದ್ದು. 500 ರೂಪಾಯಿ ಅಡ್ವಾನ್ಸ್ ಕೊಟ್ಟು, ತೋರಿಸಿಕೊಂಡು ಬರುತ್ತೇನೆ ಅಂತ ತಂದಿದ್ದ. ಜಗಲಿಯ ಮೇಲೆ ಇಳಿಸಿ ಎರಡೂ ಸರಳು ತೂರಿಸಿದೆವು. ರಸಮಟ್ಟದ ಗುಳ್ಳೆ ನಡುವಿಗೆ ಬರಲು ನಾಲ್ಕು ಸಲ ಒತ್ತು ಬದಲಿಸಬೇಕಾಯಿತು. ತೂಗುಗುಂಡನ್ನು ಅವನ ಕೈಗೇ ಕೊಟ್ಟೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. ದಾರ ಅಲ್ಲಾಡುವುದು ನಿಂತ ಮೇಲೆ "ಸರ್, ಮೇಲ್ಗಡೆ ಬಲಕ್ಕೆ ಕಾಣ್ತಿದೆ" ಎಂದ. ಸ್ಕೇಲ್ ಹಿಡಿದೆವು, 8 ಮಿಲಿಮೀಟರ್.

ಯಾರೂ ಮಾತಾಡಲಿಲ್ಲ. ಹುಡುಗ ದಾರವನ್ನು ಗುಂಡಿಗೆ ಸುತ್ತಿ ನನ್ನ ಕೈಗೆ ಕೊಟ್ಟ. "ಅಡ್ವಾನ್ಸ್ ವಾಪಸ್ ಕೊಡ್ತಾರಾ ಸರ್?" ಎಂದ. ಇಬ್ಬರು ಸೇರಿ ಚಾಸಿಯನ್ನು ಮತ್ತೆ ಪಿಕಪ್‌ಗೆ ಏರಿಸಿದರು.